ಕಾಸಿಗೆ ಕೊಂಡ ಕೊಂಡಿ

ಕನ್ನಡದಲ್ಲಿ ‘ಕೊಂಡಿ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಸರಪಳಿಯ ಒಂದು ಬಳೆಯನ್ನು ಇನ್ನೊಂದಕ್ಕೆ ಸೇರಿಸುವುದೂ ಕೊಂಡಿಯೇ, ಚೇಳಿನ ಬಾಲದ ತುದಿಯಲ್ಲಿರುವುದೂ ಕೊಂಡಿಯೇ. ಕಂಪ್ಯೂಟರಿನವರ ‘ಲಿಂಕ್’ಗೆ ನಮ್ಮವರು ಕೊಂಡಿ ಎಂದು ಹೆಸರಿಟ್ಟಾಗ ಮೊದಲನೆಯ ಅರ್ಥವೊಂದೇ ಅವರ ಮನಸ್ಸಿನಲ್ಲಿದ್ದಿರಬೇಕು. ಎರಡನೆಯದೂ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಹೇಳುವುದಕ್ಕೇ ಈ ಬರಹ.

ಇದು ಕಂಪ್ಯೂಟರ್ ಕಲಿತವರ ವಿಷಯ, ನಮಗೇಕೆ ಈ ಉಸಾಬರಿ ಎಂದು ದಯವಿಟ್ಟು ಪುಟ ತಿರುವಬೇಡಿ. ನಡುರಾತ್ರಿಯಲ್ಲಿ ಮಗುವಿನ ಮೈಮೇಲೆ ದದ್ದು ಎದ್ದರೆ ಬೆಳಗಾಗುವ ತನಕ ನಾವು ಕೇಳುವುದು ಮೊಬೈಲನ್ನೇ. ಮಗಳಿಗೆ ಬೆಂಗಳೂರಿನಲ್ಲಿ ಪಿ.ಜಿ. ಹುಡುಕುವುದು, ಅತ್ತೆಯವರ ಮೊಣಕಾಲು ನೋವಿಗೆ ಮದ್ದು ಕೇಳುವುದು, ಬಳೆ ಅಡವಿಟ್ಟರೆ ಎಲ್ಲಿ ಬಡ್ಡಿ ಕಡಿಮೆ ಎಂದು ನೋಡುವುದು, ಎಲ್ಲವೂ ಅದರಲ್ಲೇ. ಕೇಳಿದ ಒಂದು ಪ್ರಶ್ನೆಗೆ ಸಾವಿರಗಟ್ಟಲೆ ಪುಟಗಳು ಬಂದು ನಿಲ್ಲುತ್ತವೆ. ನಾವು ತೆರೆದು ಓದುವುದು ಮೇಲಿನ ಮೂರೋ ನಾಲ್ಕೋ. ಈಚೆಗೆ ಅದೂ ಇಲ್ಲ. ಆ ಪುಟಗಳಿಂದ ಯಂತ್ರವೇ ಹೆಕ್ಕಿ ಬರೆದುಕೊಟ್ಟ ಸಾರಾಂಶವನ್ನು ಓದಿ ಮೊಬೈಲ್ ಕೆಳಗಿಡುತ್ತೇವೆ. ಹೀಗಿರುವಾಗ ಆ ಮೂರು ಪುಟಗಳನ್ನು ಮೇಲಕ್ಕೆ ತಂದವರು ಯಾರು, ಯಾವ ಲೆಕ್ಕದ ಮೇಲೆ ತಂದರು ಎಂದು ಕೇಳುವುದು ಉಸಾಬರಿಯಲ್ಲ. ತರಕಾರಿ ಕೊಳ್ಳುವಾಗ ತಕ್ಕಡಿಯ ಮುಳ್ಳು ನೋಡುವಷ್ಟೇ ಸಹಜವಾದ ಎಚ್ಚರ ಅದು.

ಲೆಕ್ಕ ಕಷ್ಟದ್ದೇನೂ ಅಲ್ಲ. ಹೆಣ್ಣು ಕೊಡುವವರು ಗಂಡಿನ ಕಡೆ ವಿಚಾರಿಸುವ ಕ್ರಮ ನಿಮಗೆ ಗೊತ್ತಲ್ಲ? ಹುಡುಗ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ಯಾರೂ ನೆಚ್ಚುವುದಿಲ್ಲ. ಅವನ ಬೀದಿಯವರನ್ನು, ಆಫೀಸಿನವರನ್ನು, ಆ ಊರಿಗೆ ಕೊಟ್ಟ ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಕೇಳುತ್ತಾರೆ. ಕೇಳಿದ ಮೇಲೆ, ಹೇಳಿದವರು ಎಂಥವರು ಎಂದೂ ತೂಗಿ ನೋಡುತ್ತಾರೆ. ಊರೆಲ್ಲ ಕೈಮುಗಿಯುವ ನಿವೃತ್ತ ಹೆಡ್‌ಮಾಸ್ತರರೊಬ್ಬರು ‘ಹುಡುಗ ಚಿನ್ನದಂಥವನು’ ಎಂದರೆ ಹತ್ತು ಜನ ಹೇಳಿದ ಹಾಗೆ. ಅಂಗಡಿ ಕಟ್ಟೆಯ ಮೇಲೆ ಕೂತ ಹತ್ತು ಜನ ಹೇಳಿದರೂ ಒಬ್ಬರು ಹೇಳಿದ ಹಾಗಲ್ಲ. ಕಂಡವರನ್ನೆಲ್ಲ ಹೊಗಳುವ ಸ್ವಭಾವದವರ ಮಾತಿಗಂತೂ ಬೆಲೆ ಇನ್ನೂ ಕಡಿಮೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬ ಇಬ್ಬರು ಹುಡುಗರು 1998ರಲ್ಲಿ ಗೂಗಲ್ ಕಂಪನಿ ಕಟ್ಟಿದ್ದು ಹೆಚ್ಚುಕಡಿಮೆ ಇದೇ ಬುದ್ಧಿಯ ಮೇಲೆ. ಅದಕ್ಕೂ ಮುಂಚಿನ ಹುಡುಕುಯಂತ್ರಗಳು, ನಾವು ಕೇಳಿದ ಪದ ಒಂದು ಪುಟದಲ್ಲಿ ಎಷ್ಟು ಸಲ ಬಂದಿದೆ ಎಂದು ಮುಖ್ಯವಾಗಿ ನೋಡುತ್ತಿದ್ದವು. ಅಂದರೆ ಹುಡುಗನ ಆತ್ಮಪ್ರಶಂಸೆಯನ್ನೇ ನಂಬುತ್ತಿದ್ದವು. ಈ ಇಬ್ಬರು ‘ಬೇರೆಯವರು ಈ ಪುಟದ ಕಡೆಗೆ ಎಷ್ಟು ಕೊಂಡಿ ಹಾಕಿದ್ದಾರೆ, ಕೊಂಡಿ ಹಾಕಿದವರ ಕಡೆಗೆ ಇನ್ನೆಷ್ಟು ಜನ ಹಾಕಿದ್ದಾರೆ, ಒಬ್ಬೊಬ್ಬರು ಎಷ್ಟು ಜನಕ್ಕೆ ಹಂಚಿದ್ದಾರೆ’ ಎಂದು ಲೆಕ್ಕ ಹಾಕಿದರು. ಅದಕ್ಕೆ ಪೇಜ್‌ರ‍್ಯಾಂಕ್ ಎಂದು ಹೆಸರಾಯಿತು. ವಿದ್ವಾಂಸರ ಲೋಕದಲ್ಲಿ ಈ ಉಪಾಯ ಮೊದಲೇ ಇತ್ತು. ಒಂದು ವಿಜ್ಞಾನ ಲೇಖನವನ್ನು ಬೇರೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬ ಸೂಚಿಯನ್ನು ಯುಜೀನ್ ಗಾರ್‌ಫೀಲ್ಡ್ 1964ರಲ್ಲೇ ಹೊರತಂದಿದ್ದರು. ಈಗ ಗೂಗಲ್ ಇನ್ನೂ ನೂರಾರು ಅಂಶಗಳನ್ನು ನೋಡುತ್ತದೆಯಾದರೂ ಕೊಂಡಿಗೆ ಇರುವ ಬೆಲೆ ಪೂರ್ತಿ ಹೋಗಿಲ್ಲ.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಬೀದಿಯವರ ಮಾತನ್ನು ನಂಬುತ್ತಾರೆ ಎಂದು ಗೊತ್ತಾದ ಕೂಡಲೇ ಗಂಡಿನ ಕಡೆಯವರು ಬೀದಿಯವರಿಗೆಲ್ಲ ಕೈಬಿಸಿ ಮಾಡಿದರೆ ಏನಾದೀತು? ಅಂತರ್ಜಾಲದಲ್ಲಿ ಆದದ್ದು ಅದೇ. ಅದಕ್ಕೊಂದು ಮರ್ಯಾದಸ್ಥ ಹೆಸರೂ ಬಂದಿದೆ, ‘ಲಿಂಕ್ ಬಿಲ್ಡಿಂಗ್’ ಎಂದು. ಒಳ್ಳೆಯದನ್ನು ಬರೆದು, ಗೊತ್ತಿರುವವರಿಗೆ ತಿಳಿಸಿ, ಅವರು ಮೆಚ್ಚಿ ಕೊಂಡಿ ಹಾಕಿದರೆ ಅದನ್ನು ಬೇಡವೆನ್ನುವವರು ಯಾರೂ ಇಲ್ಲ. ನಾನು ಹೇಳುತ್ತಿರುವುದು ಕಾಸಿಗೆ ಮಾರುವ ಕೊಂಡಿಯ ಮಾತು. ಹೆಸರಾದ ಪುಟಕ್ಕೆ ಹಣ ಕೊಟ್ಟು ಅದರ ಲೇಖನದೊಳಗೆ ತಮ್ಮ ಕೊಂಡಿ ತೂರಿಸುವುದು, ಒಬ್ಬನೇ ಹತ್ತಾರು ಹೆಸರಿನಲ್ಲಿ ಪುಟಗಳನ್ನು ಮಾಡಿ ಒಂದರಿಂದ ಇನ್ನೊಂದನ್ನು ಹೊಗಳಿಸುವುದು, ‘ನೀನು ನನಗೆ ಹಾಕು, ನಾನು ನಿನಗೆ ಹಾಕುತ್ತೇನೆ’ ಎಂದು ಗುಂಪುಗೂಡುವುದು. ಇವೆಲ್ಲ ಕೂಲಿ ಸಾಕ್ಷಿಗಳು. ಕೋರ್ಟಿನ ಹೊರಗೆ ಮರದ ಕೆಳಗೆ ಕೂತು, ಯಾವ ಕೇಸಿಗೆ ಬೇಕಾದರೂ ಸಾಕ್ಷಿ ಹೇಳುವವರನ್ನು ನಮ್ಮ ಹಿರಿಯರು ಕಂಡಿದ್ದರು. ಈಗ ಅವರು ಎ.ಸಿ. ರೂಮಿನಲ್ಲಿ ಕೂತಿದ್ದಾರೆ, ಅಷ್ಟೇ ವ್ಯತ್ಯಾಸ.

ದೊಡ್ಡ ಮನೆತನದವರೂ ಈ ಕೆಲಸ ಮಾಡಿ ಸಿಕ್ಕಿಬಿದ್ದದ್ದುಂಟು. ಅಮೆರಿಕದಲ್ಲಿ ಜೆ.ಸಿ. ಪೆನ್ನಿ ಎಂಬ ಹಳೆಯ ಬಟ್ಟೆಬರೆ, ಮನೆಸಾಮಾನಿನ ಅಂಗಡಿಗಳ ಕಂಪನಿಯೊಂದಿದೆ. 2010ರ ಕೊನೆಯ ಹಬ್ಬದ ದಿನಗಳಲ್ಲಿ ಅಲ್ಲಿ ಉಡುಪು ಎಂದು ಹುಡುಕಿದರೂ ಇದೇ ಮೊದಲು, ಹಾಸಿಗೆ ಹೊದಿಕೆ ಎಂದರೂ ಇದೇ ಮೊದಲು, ಜಮಖಾನ ಎಂದರೂ ಇದೇ ಮೊದಲು. 2011ರ ಫೆಬ್ರವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಇದರ ಜಾಡು ಹಿಡಿದು ಹೊರಟಿತು. ಸಂಬಂಧವೇ ಇಲ್ಲದ ಎರಡು ಸಾವಿರಕ್ಕೂ ಹೆಚ್ಚು ಪುಟಗಳಲ್ಲಿ ಈ ಅಂಗಡಿಯ ಕಡೆಗೆ ಕೊಂಡಿಗಳು ಸಿಕ್ಕವು. ಪರಮಾಣು ಎಂಜಿನಿಯರಿಂಗ್ ಹೆಸರು ಹೊತ್ತ ಪುಟವೊಂದರ ಅಡಿಯಲ್ಲಿ ‘ಕಪ್ಪು ಉಡುಪುಗಳು’ ಎಂಬ ಪದಕ್ಕೆ ಕೊಂಡಿ! ಅಣುಸ್ಥಾವರಕ್ಕೂ ಹೆಂಗಸರ ಉಡುಪಿಗೂ ಏನು ಸಂಬಂಧ ಎಂದು ಕೇಳಲು ಮನುಷ್ಯರಿಗಾದರೆ ಬುದ್ಧಿ ಇರುತ್ತಿತ್ತು, ಯಂತ್ರ ಎಣಿಸಿಕೊಂಡು ಸುಮ್ಮನಿತ್ತು. ವಿಷಯ ತಿಳಿದ ಗೂಗಲ್ ಶಿಕ್ಷೆ ಕೊಟ್ಟಿತು. ಒಂದು ಬಗೆಯ ಪ್ರಯಾಣದ ಪೆಟ್ಟಿಗೆಯ ಹುಡುಕಾಟದಲ್ಲಿ ಸಂಜೆ ಏಳಕ್ಕೆ 1ನೆಯ ಸ್ಥಾನದಲ್ಲಿದ್ದ ಅಂಗಡಿ ಎರಡು ಗಂಟೆಯೊಳಗೆ 71ಕ್ಕೆ ಬಿತ್ತು. ಕಂಪನಿಯವರು ಇದು ನಮ್ಮ ಒಪ್ಪಿಗೆಯಿಂದ ಆದದ್ದಲ್ಲ ಎಂದು ಹೇಳಿ, ತಮಗೆ ಈ ಕೆಲಸ ಮಾಡಿಕೊಡುತ್ತಿದ್ದ ಸಲಹೆಗಾರರನ್ನು ತೆಗೆದುಹಾಕಿದರು. ಮೊಸರು ತಿಂದವರು ಯಾರು, ಮೇಕೆಯ ಬಾಯಿಗೆ ಒರೆಸಿದವರು ಯಾರು ಎಂಬ ತೀರ್ಮಾನ ನಿಮಗೇ ಬಿಟ್ಟದ್ದು.

ಮುಂದಿನ ವರ್ಷ, 2012ರ ಜನವರಿಯಲ್ಲಿ, ಗೂಗಲ್‌ನದೇ ಕ್ರೋಮ್ ಬ್ರೌಸರಿನ ಪ್ರಚಾರಕ್ಕೆ ಹಣ ಪಡೆದು ಬರೆದ ಬರಹಗಳಲ್ಲಿ ಇಂಥದೇ ಕೊಂಡಿ ಸಿಕ್ಕಿತು. ಕಂಪನಿ ತನ್ನದೇ ಪುಟವನ್ನು 60 ದಿನಗಳ ಕಾಲ ಕೆಳಕ್ಕೆ ತಳ್ಳಬೇಕಾಯಿತು. ಹೆಡ್‌ಮಾಸ್ತರರ ಮಗನೇ ಕಾಪಿ ಹೊಡೆದು ಸಿಕ್ಕಿಬಿದ್ದ ಹಾಗೆ. ಅದೇ ವರ್ಷ ಏಪ್ರಿಲ್‌ನಲ್ಲಿ ‘ಪೆಂಗ್ವಿನ್’ ಎಂಬ ಹೆಸರಿನ ಜರಡಿ ಬಂತು. ಕೊಂಡ ಕೊಂಡಿಗಳನ್ನು ಗುರುತಿಸಿ ಪುಟಗಳನ್ನು ಕೆಳಗಿಳಿಸುವುದು ಅದರ ಕೆಲಸ. 2016ರಿಂದ ಈಚೆಗೆ ಆ ಜರಡಿ ಇಂಥ ಕೊಂಡಿಗಳನ್ನು ಹೆಚ್ಚಾಗಿ ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಟ್ಟುಬಿಡುತ್ತದೆ. ಹಾಗಾದರೆ ಕೊಟ್ಟ ದುಡ್ಡು? ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ದೊಡ್ಡವರು ಬಿದ್ದರೂ ಏಳುತ್ತಾರೆ. ನನಗೆ ಹೊಟ್ಟೆ ಉರಿಯುವುದು ಸಣ್ಣವರ ದುಡ್ಡು ಹೋದಾಗ. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಹಪ್ಪಳ, ಸಂಡಿಗೆ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾಳೆ. ಗಂಡ ತೀರಿಕೊಂಡ ಮೇಲೆ ಎರಡು ಮಕ್ಕಳನ್ನು ಓದಿಸಿದ್ದು ಅದರಲ್ಲೇ. ಮಗ ಒಂದು ವೆಬ್‌ಸೈಟ್ ಮಾಡಿಕೊಟ್ಟ. ಆರು ತಿಂಗಳೊಳಗೆ ಯಾವುದೋ ಏಜೆನ್ಸಿಯವರು ಫೋನು ಮಾಡಿದರು. ‘ಅಮ್ಮಾ, ಮೊದಲನೇ ಪುಟ ಗ್ಯಾರಂಟಿ, ಸಾವಿರ ಲಿಂಕ್ ಹಾಕಿಸಿಕೊಡುತ್ತೇವೆ.’ ಮೂರು ಕಂತಿನಲ್ಲಿ ಹದಿನೆಂಟು ಸಾವಿರ ರೂಪಾಯಿ ಕಟ್ಟಿದಳು. ಆಮೇಲೆ ಉದ್ದನೆಯ ಒಂದು ಪಟ್ಟಿ ಬಂತು. ಇಂಗ್ಲಿಷಿನಲ್ಲಿದೆ, ಓದಿ ಹೇಳಿ ಟೀಚರ್ ಎಂದು ನನ್ನ ಬಳಿ ತಂದಳು. ಒಂದೊಂದೇ ಕೊಂಡಿ ಒತ್ತಿ ನೋಡಿದೆವು. ಒಂದು ಲಾರಿ ಟಯರಿನ ಪುಟ, ಒಂದು ಕೂದಲು ಬೆಳೆಸುವ ಔಷಧಿಯ ಪುಟ, ಮಿಕ್ಕವು ನಮಗಿಬ್ಬರಿಗೂ ಓದಲು ಬಾರದ ಯಾವುದೋ ಲಿಪಿಯವು. ‘ಚಟ್ನಿಪುಡಿಗೆ ಟಯರಿನವರು ಯಾಕೆ ಶಿಫಾರಸು ಮಾಡ್ತಾರೆ ಟೀಚರ್?’ ಎಂದು ಅವಳು ಕೇಳಿದಳು. ಈ ವ್ಯವಹಾರದ ಬಗ್ಗೆ ನಾನು ಕೇಳಿದ ಪ್ರಶ್ನೆಗಳಲ್ಲೆಲ್ಲ ಅತ್ಯಂತ ಸರಿಯಾದ ಪ್ರಶ್ನೆ ಅದು. ಏಜೆನ್ಸಿಯವರು ಆ ಹೊತ್ತಿಗೆ ಫೋನು ಎತ್ತುವುದನ್ನು ಬಿಟ್ಟಿದ್ದರು. ಮೊದಲನೆಯ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಸ್ಪಷ್ಟವಾಗಿ ಬರೆದಿದೆ. ಆದರೆ ಅದನ್ನು ಅವಳಿಗೆ ಓದಿ ಹೇಳಿದವರು ಯಾರು?

ಇನ್ನೊಂದು ಸಂಗತಿ ನಮ್ಮ ಶಾಲೆಯದೇ. ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಯ ಹೆಸರಿನಲ್ಲಿ ಒಂದು ವೆಬ್‌ಸೈಟ್ ನಡೆಸುತ್ತಾರೆ. ಅದಕ್ಕೊಂದು ಪತ್ರ ಬಂತು. ‘ನಿಮ್ಮ ಪುಟದಲ್ಲಿ ನಾವು ಕಳಿಸುವ ಲೇಖನ ಹಾಕಿ, ಅದರಲ್ಲಿ ಒಂದು ಪದಕ್ಕೆ ನಮ್ಮ ಕೊಂಡಿ ಇರುತ್ತದೆ, ಹಣ ಕೊಡುತ್ತೇವೆ’ ಎಂದು. ಲೇಖನದ ವಿಷಯ ವಿದ್ಯಾರ್ಥಿಗಳಲ್ಲಿ ಉಳಿತಾಯದ ಗುಣ. ಕೊಂಡಿ ಹೋಗುತ್ತಿದ್ದುದು ಐದು ನಿಮಿಷದಲ್ಲಿ ಸಾಲ ಕೊಡುವ ಮೊಬೈಲ್ ಆ್ಯಪ್‌ಗೆ! ಸಭೆಯಲ್ಲಿ ಒಬ್ಬರು ‘ಯಾರಿಗೇನು ನಷ್ಟ ಮೇಡಂ? ಆ ದುಡ್ಡಿನಲ್ಲಿ ಎಂಟನೇ ಕ್ಲಾಸಿಗೆ ಎರಡು ಫ್ಯಾನ್ ಬರುತ್ತೆ’ ಎಂದರು. ನಾನು ಕೇಳಿದೆ: ‘ಅದೇ ಸಾಲದವರು ಬಂದು, ಹತ್ತನೇ ಕ್ಲಾಸಿನ ಗೋಡೆಯ ಮೇಲೆ ಬೋರ್ಡು ಹಾಕುತ್ತೇವೆ, ಎರಡು ಫ್ಯಾನ್ ಕೊಡುತ್ತೇವೆ ಎಂದರೆ ಒಪ್ಪುತ್ತೀರಾ?’ ಯಾರೂ ಒಪ್ಪಲಿಲ್ಲ. ಹಾಗಾದರೆ ಬೋರ್ಡಿಗಿಂತ ಇದು ಹೆಚ್ಚು ಕೆಟ್ಟದ್ದು, ಏಕೆಂದರೆ ಬೋರ್ಡು ಕಣ್ಣಿಗೆ ಕಾಣುತ್ತದೆ. ಇದು ಕಾಣುವುದಿಲ್ಲ. ಐವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿ ಶಾಲೆ ಗಳಿಸಿದ ಹೆಸರನ್ನು ಹಿಂಬಾಗಿಲಿನಿಂದ ಎತ್ತಿಕೊಂಡು ಹೋಗಿ ಬಡ್ಡಿ ವ್ಯಾಪಾರದವನ ತಲೆಗೆ ಕಿರೀಟ ಮಾಡುವ ಕೆಲಸ ಇದು. ಪತ್ರಕ್ಕೆ ಉತ್ತರ ಬರೆಯುವುದು ಬೇಡ ಎಂದು ತೀರ್ಮಾನವಾಯಿತು. ಫ್ಯಾನು ಇನ್ನೂ ಬಂದಿಲ್ಲ, ಅದು ಬೇರೆ ಮಾತು.

ಇದು ನನ್ನೊಬ್ಬಳ ಮಡಿವಂತಿಕೆ ಎಂದುಕೊಳ್ಳಬೇಡಿ. 2024ರ ಮಾರ್ಚ್‌ನಲ್ಲಿ ಗೂಗಲ್ ಹೊಸ ನಿಯಮಗಳನ್ನು ಹೊರಡಿಸಿತು. ಹಳೆಯ ಒಡೆಯರು ಬಿಟ್ಟುಹೋದ ವೆಬ್‌ಸೈಟಿನ ಹೆಸರನ್ನು ಕೊಂಡು, ಅದರ ಹಿಂದಿನ ಒಳ್ಳೆಯ ಹೆಸರಿನ ಮೇಲೆ ತಮ್ಮ ಸರಕು ಸಾಗಿಸುವುದನ್ನು ಅದರಲ್ಲಿ ನಿಷೇಧಿಸಿದೆ. ಅದಕ್ಕೆ ಕೊಟ್ಟಿರುವ ಉದಾಹರಣೆಗಳಲ್ಲೊಂದು, ಹಿಂದೆ ಪ್ರಾಥಮಿಕ ಶಾಲೆಯದಾಗಿದ್ದ ವೆಬ್‌ಸೈಟಿನಲ್ಲಿ ಜೂಜುಕಟ್ಟೆಯ ಬರಹ! ಉದಾಹರಣೆಯಾಗಿ ಬರೆಯಬೇಕಾಯಿತು ಎಂದರೆ ಈ ಚಾಳಿ ಎಲ್ಲಿಗೆ ಮುಟ್ಟಿದೆ ಎಂದು ಊಹಿಸಿಕೊಳ್ಳಿ.

ಈ ವ್ಯಾಪಾರದವರಿಗೂ ವಾದಗಳಿವೆ. ಕಳ್ಳನಿಗೊಂದು ಪಿಳ್ಳೆನೆವ ಎಂದು ತಳ್ಳಿಹಾಕದೆ ಒಂದೊಂದಾಗಿ ನೋಡೋಣ.

ಮೊದಲನೆಯದು, ‘ಇದೂ ಒಂದು ಜಾಹೀರಾತು ತಾನೇ?’ ಖಂಡಿತ ಅಲ್ಲ. ಜಾಹೀರಾತು ತಾನು ಜಾಹೀರಾತು ಎಂದು ಹೇಳಿಕೊಂಡು ಬರುತ್ತದೆ. ಹಣ ಪಡೆದು ಹಾಕಿದ ಕೊಂಡಿಗೆ ಗುರುತು ಹಾಕುವ ದಾರಿ ಅಂತರ್ಜಾಲದಲ್ಲೂ ಇದೆ. 2005ರಲ್ಲೇ ‘ನೋಫಾಲೋ’ ಎಂಬ ಗುರುತು ಬಂತು, 2019ರಲ್ಲಿ ‘ಸ್ಪಾನ್ಸರ್ಡ್’ ಎಂಬ ಇನ್ನೊಂದು ಬಂತು. ಆ ಗುರುತು ಹಾಕಿದರೆ ನಿಯಮದ ಪ್ರಕಾರ ತಪ್ಪೇ ಇಲ್ಲ. ಓದುಗರು ಒತ್ತಿ ಬರಬಹುದು, ವ್ಯಾಪಾರ ಕುದುರಬಹುದು. ಆದರೆ ಆ ಗುರುತಿದ್ದರೆ ರ‍್ಯಾಂಕ್ ಏರುವ ಭರವಸೆಯಿಲ್ಲ, ಅದಕ್ಕೇ ಇವರು ಹಾಕುವುದಿಲ್ಲ. ಇವರು ಮಾರುತ್ತಿರುವುದು ಜಾಗವನ್ನಲ್ಲ, ಸುಳ್ಳನ್ನು ಎಂಬುದಕ್ಕೆ ಇದಕ್ಕಿಂತ ಬೇರೆ ರುಜುವಾತು ಬೇಕೆ? ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ, ಗ್ರಾಹಕರಿಗೆ ಮಂಕುಬೂದಿ ಎರಚುವ ಹದಿಮೂರು ಬಗೆಗಳ ಪಟ್ಟಿ ಮಾಡಿತು. ವೇಷ ಮರೆಸಿಕೊಂಡು ಬರುವ ಜಾಹೀರಾತು ಅದರಲ್ಲೊಂದು. ಕೊಂಡ ಕೊಂಡಿ ಅದೇ ಜಾತಿಗೆ ಸೇರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು, ‘ಗೂಗಲ್ ಏನು ಸಾಚಾನಾ?’ ಇಲ್ಲ, ಅದನ್ನು ಒಪ್ಪುತ್ತೇನೆ. ಜಾಹೀರಾತಿನ ಹಣದಿಂದ ನಡೆಯುವ ಹುಡುಕುಯಂತ್ರ ಜಾಹೀರಾತುದಾರರ ಕಡೆಗೇ ವಾಲುತ್ತದೆ ಎಂದು ಪೇಜ್ ಮತ್ತು ಬ್ರಿನ್ 1998ರ ತಮ್ಮ ಪ್ರಬಂಧದಲ್ಲಿ ತಾವೇ ಎಚ್ಚರಿಸಿದ್ದರು. ಆಮೇಲೆ ಅದೇ ದಾರಿ ಹಿಡಿದರು. ಹುಡುಕಾಟದಲ್ಲಿ ಪಕ್ಷಪಾತ ಮಾಡಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗ 2018ರಲ್ಲಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತು. ಹುಡುಕಾಟದಲ್ಲಿ ಅದು ಅಕ್ರಮವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಲಯ ತೀರ್ಪು ಕೊಟ್ಟಿತು. ಆದರೆ ನ್ಯಾಯಾಧೀಶ ಸರಿಯಿಲ್ಲ ಎಂದು ಸುಳ್ಳುಸಾಕ್ಷಿ ಹೇಳಿಸಿದರೆ ಅನ್ಯಾಯವಾಗುವುದು ನ್ಯಾಯಾಧೀಶನಿಗಲ್ಲ, ಕಟಕಟೆಯ ಹೊರಗೆ ಕಾದು ನಿಂತ ಬಡಪಾಯಿಗೆ. ಗೂಗಲ್‌ಗೆ ಮೋಸ ಮಾಡಿದೆ ಎಂದು ಇವರು ಹಿಗ್ಗುತ್ತಾರೆ. ಮೋಸಹೋದವಳು, ದದ್ದು ಎದ್ದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೊಬೈಲ್ ನೋಡುತ್ತಿರುವ ತಾಯಿ.

ಮೂರನೆಯ ವಾದ ಎಲ್ಲಕ್ಕಿಂತ ಗಟ್ಟಿಯಾದದ್ದು. ‘ಮಾಡಿದರೆ ಫಲ ಸಿಗುತ್ತದಲ್ಲ, ಎಲ್ಲರೂ ಮಾಡುವಾಗ ನಾವೊಬ್ಬರೇ ಏಕೆ ಹಿಂದೆ ಉಳಿಯಬೇಕು?’ ಹೌದು, ಕೆಲವೊಮ್ಮೆ ಫಲ ಸಿಗುತ್ತದೆ. ಸಿಗದಿದ್ದರೆ ಈ ಅಂಗಡಿ ಎಂದೋ ಬಾಗಿಲು ಹಾಕುತ್ತಿತ್ತು. ಪರೀಕ್ಷೆಯಲ್ಲಿ ಕಾಪಿ ಹೊಡೆದವರೂ ಎಲ್ಲರೂ ಸಿಕ್ಕಿಬೀಳುವುದಿಲ್ಲ, ಮೂವತ್ತು ವರ್ಷದಿಂದ ಪರೀಕ್ಷಾ ಕೊಠಡಿಯಲ್ಲಿ ನಿಂತ ನನಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ರ‍್ಯಾಂಕ್ ಎಂಬುದು ಎಲ್ಲರಿಗೂ ಸಾಲುವ ಪ್ರಸಾದವಲ್ಲ. ಮೊದಲ ಪುಟದಲ್ಲಿರುವುದು ಹತ್ತು ಚಿಲ್ಲರೆ ಜಾಗ. ಒಬ್ಬರು ಕೊಂಡು ಒಳಗೆ ಬಂದರೆ ಪ್ರಾಮಾಣಿಕವಾಗಿ ಬರೆದ ಇನ್ನೊಬ್ಬರು ಹೊರಗೆ. ಎಲ್ಲರೂ ಕೊಳ್ಳಲು ನಿಂತರೆ ಗೆಲ್ಲುವವರು ಯಾರು? ಹೆಚ್ಚು ದುಡ್ಡಿದ್ದವರು. ಸಾವಿರ ರೂಪಾಯಿಗೆ ಹತ್ತು ಸಲ ಯೋಚಿಸುವ ಚಟ್ನಿಪುಡಿಯ ಹೆಣ್ಣುಮಗಳಿಗೆ ಈ ಹರಾಜಿನಲ್ಲಿ ಎಂದಿಗೂ ಜಯವಿಲ್ಲ. ಸಣ್ಣವರಿಗೆ ಇದ್ದ ಒಂದೇ ಬಲವೆಂದರೆ ರುಚಿ ನೋಡಿದವರ ಮಾತು. ಆ ಮಾತನ್ನು ಮಾರಾಟದ ಸರಕು ಮಾಡಿದವರು, ನಾವು ಸಣ್ಣವರನ್ನು ಮೇಲೆತ್ತುತ್ತೇವೆ ಎಂದು ಬೇರೆ ಹೇಳುತ್ತಾರೆ!

ಮೇಲೆ ನಿಂತದ್ದೆಲ್ಲ ಸತ್ಯವಲ್ಲ ಎಂಬುದಕ್ಕೆ ಕನ್ನಡಿಗರಿಗೆ ಬೇರೆ ಊರಿನ ಸಾಕ್ಷಿ ಬೇಕಾಗಿಲ್ಲ. 2021ರ ಜೂನ್ ತಿಂಗಳಲ್ಲಿ, ಭಾರತದಲ್ಲಿ ಅತ್ಯಂತ ಕುರೂಪವಾದ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ದೊಡ್ಡ ಅಕ್ಷರದಲ್ಲಿ ಕನ್ನಡ ಎಂದು ತೋರಿಸುತ್ತಿದ್ದುದು ನಿಮಗೆ ನೆನಪಿರಬೇಕು. ನಾಡೆಲ್ಲ ಸಿಡಿದೆದ್ದ ಮೇಲೆ ಅದನ್ನು ತೆಗೆದು ಕ್ಷಮೆ ಕೇಳಿದರು. ಆ ಉತ್ತರವನ್ನು ಹೆಕ್ಕಿದ್ದು ಯಾವ ಭಾಷಾವಿಜ್ಞಾನಿಯ ಪುಸ್ತಕದಿಂದಲೂ ಅಲ್ಲ, ಸಾಲ ತೀರಿಸುವ ವ್ಯವಹಾರದ ಹೆಸರು ಹೊತ್ತ ಒಂದು ವೆಬ್‌ಸೈಟಿನಿಂದ. ಅದು ಕೊಂಡ ಕೊಂಡಿಗಳಿಂದಲೇ ಮೇಲೆ ಬಂತು ಎಂದು ನಾನು ಹೇಳುತ್ತಿಲ್ಲ. ಆದರೆ ಯೋಗ್ಯತೆಯಿಲ್ಲದ ಪುಟವೊಂದು ಪೀಠದ ಮೇಲೆ ಕೂತರೆ ಎರಡೂವರೆ ಸಾವಿರ ವರ್ಷದ ನುಡಿಗೂ ಒಂದು ಕ್ಷಣದಲ್ಲಿ ಅವಮಾನ ಮಾಡಬಲ್ಲದು ಎಂದು ಅಂದು ಕಂಡೆವು. ಅಂಥ ಪೀಠವನ್ನು ಹಣ ಕೊಟ್ಟವರಿಗೆ ಹತ್ತಿಸುವುದೇ ಕಸುಬಾಗಿರುವವರ ಬಗ್ಗೆ ನಾವು ಸುಮ್ಮನಿರಬೇಕೆ?

ಹಾಗಾದರೆ ನಾವು ಮಾಡಬೇಕಾದದ್ದೇನು? ಆರೋಗ್ಯ, ಸಾಲ, ಮಕ್ಕಳ ಓದು, ಈ ಮೂರು ವಿಷಯಗಳಲ್ಲಿ ಮೊದಲು ಬಂದದ್ದು ಒಳ್ಳೆಯದು ಎಂಬ ನಂಬಿಕೆಯನ್ನು ಬಿಡಬೇಕು. ಬರೆದವರು ಯಾರು, ಅವರಿಗೆ ಇದರಿಂದ ಏನು ಲಾಭ ಎಂದು ಕೇಳಿಕೊಳ್ಳಬೇಕು. ‘ಮೊದಲ ಪುಟ ಗ್ಯಾರಂಟಿ’ ಎಂದು ಫೋನು ಮಾಡಿದವರಿಗೆ ‘ಯಾವ ಯಾವ ಪುಟದಿಂದ ಕೊಂಡಿ ಹಾಕಿಸುತ್ತೀರಿ, ಅವರು ನನ್ನ ಚಟ್ನಿಪುಡಿ ತಿಂದಿದ್ದಾರೆಯೇ’ ಎಂದು ಕೇಳಿ ಫೋನು ಇಡಬೇಕು.

ಇನ್ನೊಂದು ಕೆಲಸವಿದೆ, ಅದಕ್ಕೆ ಕಾಸು ಬೇಕಾಗಿಲ್ಲ. ನಮ್ಮ ಶಾಲೆಗಳಿಗೆ, ಮಹಿಳಾ ಸಂಘಗಳಿಗೆ, ಸಾಹಿತ್ಯದ ಗುಂಪುಗಳಿಗೆ ಈಗ ವೆಬ್‌ಸೈಟುಗಳಿವೆ. ಅವುಗಳಲ್ಲಿ ಅಧ್ಯಕ್ಷರ ಫೋಟೋ ಇರುತ್ತದೆ, ಉದ್ಘಾಟನೆಯ ಫೋಟೋ ಇರುತ್ತದೆ, ಹೊರಗಿನ ಒಂದು ಒಳ್ಳೆಯ ಪುಟಕ್ಕೆ ಕೊಂಡಿ ಮಾತ್ರ ಇರುವುದಿಲ್ಲ. ವಿ. ಕೃಷ್ಣ ಎಂಬುವರು ದಶಕಗಳ ಕಾಲ ಕೂತು ಕಟ್ಟಿದ ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ನಿಘಂಟು, 1,50,000ಕ್ಕೂ ಹೆಚ್ಚು ಪದಗಳ ಕಣಜ, 2019ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಎಷ್ಟು ಶಾಲೆಗಳ ಪುಟದಲ್ಲಿ ಅದಕ್ಕೊಂದು ಕೊಂಡಿ ಇದೆ, ನೀವೇ ನೋಡಿ. ಒಳ್ಳೆಯವರು ಬಾಯಿ ಮುಚ್ಚಿಕೊಂಡಿರುವ ಊರಿನಲ್ಲಿ ಕೂಲಿ ಸಾಕ್ಷಿಗಳ ಮಾತೇ ನಡೆಯುತ್ತದೆ. ನಮ್ಮ ಶಾಲೆಯ ಪುಟಕ್ಕೆ ಆ ನಿಘಂಟಿನ ಕೊಂಡಿಯನ್ನು ಹಾಕಿಸಿದ್ದೇವೆ. ಚಟ್ನಿಪುಡಿಯವಳದನ್ನು ಶಾಲೆಯ ಪುಟದಲ್ಲಿ ಹಾಕುವಂತಿಲ್ಲ. ನಮ್ಮ ಬಡಾವಣೆಯ ಮಹಿಳಾ ಮಂಡಳಿಯ ಪುಟದಲ್ಲಿ ಅದನ್ನು ಹಾಕಿದ್ದೇವೆ. ಅಲ್ಲಿರುವ ಮೂವತ್ತು ಜನರೂ ತಿಂದು ನೋಡಿದವರೇ.